ಜಾಲಪುಟದ ಬರಹಕ್ಕೆ ಒಪ್ಪ ಓರಣ

ಮುಖ್ಯೋಪಾಧ್ಯಾಯರು, ಬಿ.ಎ., ಬಿ.ಟಿ.

ತಾನು ಬರೆದುದನ್ನು ಮತ್ತೊಬ್ಬರು ಸುಲಭವಾಗಿ ಓದುವಂತಿರಬೇಕೆಂಬುದು ವಿದ್ಯಾಭ್ಯಾಸದ ಮೊದಲ ಪಾಠಗಳಲ್ಲೊಂದು. ಕಾಪಿ ಪುಸ್ತಕದಲ್ಲಿ ಎಡಗಡೆ ಅಂಚು ಬಿಡುವುದು, ಹೊಸ ವಿಷಯವನ್ನು ಹೊಸ ಸಾಲಿನಿಂದ ತೊಡಗುವುದು, ಲೆಕ್ಕ ಬರೆಯುವಾಗ ಬಿಡಿಯ ಕೆಳಗೆ ಬಿಡಿಯೂ ಹತ್ತರ ಕೆಳಗೆ ಹತ್ತೂ ಬರುವಂತೆ ಅಂಕಿಗಳನ್ನು ನಿಲ್ಲಿಸುವುದು, ಇವೆಲ್ಲವನ್ನೂ ಕೆಳತರಗತಿಗಳಲ್ಲಿಯೇ ಕಲಿಸಲಾಗುತ್ತದೆ. ಇದೇ ನಿಯಮವು ಗಣಕಯಂತ್ರದ ಬರವಣಿಗೆಗೂ ಸಲ್ಲುವುದೆ? ಯಂತ್ರವೇ ಬರೆದು ಯಂತ್ರವೇ ಓದುವ ಬರಹದಲ್ಲಿ ಅಂಚೇಕೆ, ಓರಣವೇಕೆ? ಈ ಪ್ರಶ್ನೆಯನ್ನು ನಮ್ಮ ವಿದ್ಯಾರ್ಥಿಗಳ ಮುಂದೆಯೂ, ಅವರ ತಂದೆತಾಯಿಗಳ ಮುಂದೆಯೂ ಇಟ್ಟು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ಮೊದಲು ಜಾಲಪುಟವೆಂದರೇನೆಂಬುದನ್ನು ತಿಳಿಯೋಣ. ಮೊಬೈಲಿನಲ್ಲಿ ಅಥವಾ ಗಣಕಯಂತ್ರದಲ್ಲಿ ನಾವು ನೋಡುವ ಪುಟದ ಹಿಂದೆ ಒಂದು ಮೂಲಬರಹವಿರುತ್ತದೆ. ಅದರ ಭಾಷೆಗೆ ಎಚ್.ಟಿ.ಎಂ.ಎಲ್. ಎಂದು ಹೆಸರು. ಸ್ವಿಟ್ಜರ್ಲೆಂಡಿನ ಜಿನೀವಾ ನಗರದ ಬಳಿಯಿರುವ ಸರ್ನ್ ಎಂಬ ಭೌತವಿಜ್ಞಾನ ಸಂಸ್ಥೆಯಲ್ಲಿ ಕೆಲಸಮಾಡುತ್ತಿದ್ದ ಟಿಮ್ ಬರ್ನರ್ಸ್-ಲೀ ಎಂಬವರು ೧೯೮೯ರಲ್ಲಿ ವಿಶ್ವವ್ಯಾಪಿ ಜಾಲದ ಯೋಜನೆಯನ್ನು ಮುಂದಿಟ್ಟರು. ೧೯೯೧ರಲ್ಲಿ ಅದು ಹೊರಗಿನವರಿಗೂ ತೆರೆಯಿತು. ಈ ಭಾಷೆಯಲ್ಲಿ ಸಾಮಾನ್ಯವಾಗಿ ಪ್ರತಿಯೊಂದು ಭಾಗದ ಹಿಂದೆ ಒಂದು ತೆರೆಯುವ ಗುರುತು, ಮುಂದೆ ಒಂದು ಮುಚ್ಚುವ ಗುರುತು ಇರುತ್ತವೆ. ಇವುಗಳನ್ನು ಟ್ಯಾಗುಗಳೆನ್ನುತ್ತಾರೆ. ನಮ್ಮ ಅಡುಗೆಮನೆಯಲ್ಲಿ ದೊಡ್ಡ ಡಬ್ಬದೊಳಗೆ ಸಣ್ಣ ಡಬ್ಬ, ಅದರೊಳಗೆ ಇನ್ನೂ ಸಣ್ಣದು ಇರುವಂತೆ, ಪುಟದೊಳಗೆ ಕೋಷ್ಟಕ, ಕೋಷ್ಟಕದೊಳಗೆ ಸಾಲು, ಸಾಲಿನೊಳಗೆ ಮನೆ, ಹೀಗೆ ಒಂದರೊಳಗೊಂದು ಅಡಕವಾಗಿರುತ್ತವೆ. ಒಳಗಿನ ಡಬ್ಬದ ಮುಚ್ಚಳ ಹಾಕದೆ ಹೊರಗಿನದನ್ನು ಮುಚ್ಚಲಾಗದು.

ಇಂಥ ಪುಟಗಳನ್ನು ಕೈಯಿಂದಲೇ ಬರೆಯಬಹುದು. ಆದರೆ ಅರುವತ್ತು ಮಂದಿ ವಿದ್ಯಾರ್ಥಿಗಳ ಅಂಕಪಟ್ಟಿಯನ್ನು ವರ್ಷಕ್ಕೆ ನಾಲ್ಕಾರು ಬಾರಿ ಕೈಯಿಂದ ಬರೆಯುವುದು ವ್ಯರ್ಥ ಶ್ರಮ. ಆ ಕೆಲಸವನ್ನು ಸ್ಕ್ರಿಪ್ಟಿಂಗ್ ಭಾಷೆಗಳೆಂಬ ಸುಲಭ ಕ್ರಮವಿಧಿ ಭಾಷೆಗಳಿಗೆ ಒಪ್ಪಿಸುತ್ತಾರೆ. ಗಿಡೋ ವಾನ್ ರಾಸಮ್ ಅವರು ೧೯೯೧ರಲ್ಲಿ ಹೊರತಂದ ಪೈಥಾನ್, ರಾಸ್ಮಸ್ ಲೆರ್ಡಾರ್ಫ್ ಅವರು ೧೯೯೫ರಲ್ಲಿ ಹೊರತಂದ ಪಿ.ಎಚ್.ಪಿ. ಇಂಥವು. ಅಂಕಗಳ ಪಟ್ಟಿಯನ್ನು ಕೊಟ್ಟರೆ ಕ್ರಮವಿಧಿಯು ಅದನ್ನು ಓದಿ, ಟ್ಯಾಗುಗಳನ್ನು ಸೇರಿಸಿ, ಕ್ಷಣಮಾತ್ರದಲ್ಲಿ ಪುಟವನ್ನು ಬರೆದುಕೊಡುತ್ತದೆ. ನಮ್ಮ ವಿಚಾರವು ಇಲ್ಲಿಂದ ಪ್ರಾರಂಭವಾಗುತ್ತದೆ: ಹಾಗೆ ಬರೆದ ಮೂಲಬರಹವು ಮನುಷ್ಯನು ಓದುವಂತಿರಬೇಕೆ, ಬೇಡವೆ?

ಮಡಕಶಿರ ಸೀಮೆಯ ಹೇಮಾವತಿಯನ್ನು ನಮ್ಮ ವಿದ್ಯಾರ್ಥಿಗಳಲ್ಲಿ ಹಲವರು ಬಲ್ಲರು. ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು ಅದೇ. ಅಂಥ ಊರುಗಳ ಹಳೆಯ ಕನ್ನಡ ಶಾಸನಗಳಲ್ಲಿ ಪದಪದಗಳ ನಡುವೆ ತೆರಪಿಲ್ಲದೆ ಅಕ್ಷರಗಳು ಒಂದೇ ಸಮನೆ ಸಾಗುತ್ತವೆ. ಓಲೆಗರಿಯ ಹಸ್ತಪ್ರತಿಗಳೂ ಹಾಗೆಯೇ. ಕಲ್ಲಿನಲ್ಲಿ ಜಾಗ ಕಡಮೆ, ಗರಿಯಲ್ಲಿ ಇನ್ನೂ ಕಡಮೆ; ತೆರಪು ಬಿಡದೆ ಬರೆಯುವುದೇ ನಮ್ಮ ಹಿರಿಯರ ರೂಢಿಯಾಗಿತ್ತು. ಅದರ ಫಲವಾಗಿ ಇಂದು ಪದವೆಲ್ಲಿ ಮುಗಿಯಿತು, ವಾಕ್ಯವೆಲ್ಲಿ ತೊಡಗಿತು ಎಂಬುದನ್ನು ಬಿಡಿಸಲು ಪಂಡಿತರೇ ಬೇಕಾಗುತ್ತದೆ. ಯಂತ್ರವು ತೆರಪಿಲ್ಲದೆ ಬರೆದ ಜಾಲಪುಟದ ಮೂಲವೂ ಇಂಥದೇ ಒಂದು ಶಾಸನ. ಶಿಲ್ಪಿಗೆ ಜಾಗದ ಬಡತನವಿತ್ತು, ಗಣಕಯಂತ್ರಕ್ಕೆ ಅದಿಲ್ಲ.

ಒಂದು ಉದಾಹರಣೆಯನ್ನು ನೋಡೋಣ. ಯಂತ್ರಕ್ಕೆ ಟ್ಯಾಗುಗಳನ್ನು ಆಂಗ್ಲ ಅಕ್ಷರಗಳಲ್ಲಿಯೇ ಕೊಡಬೇಕು. ಇಲ್ಲಿ ಓದುಗರ ಸೌಕರ್ಯಕ್ಕಾಗಿ ಕನ್ನಡ ಅಕ್ಷರಗಳಲ್ಲಿ ತೋರಿಸಿದೆ. 'ಟೇಬಲ್' ಎಂಬುದು ಕೋಷ್ಟಕ, 'ಟಿಆರ್' ಎಂಬುದು ಅದರ ಒಂದು ಸಾಲು, 'ಟಿಡಿ' ಎಂಬುದು ಸಾಲಿನ ಒಂದು ಮನೆ. ಓರೆಗೆರೆಯುಳ್ಳದ್ದು ಮುಚ್ಚುವ ಗುರುತು. ಓರಣವಿಲ್ಲದ ಬರಹವು ಹೀಗಿರುತ್ತದೆ:

<ಟೇಬಲ್><ಟಿಆರ್><ಟಿಡಿ>೧</ಟಿಡಿ><ಟಿಡಿ>ಗಿರಿಜ</ಟಿಡಿ><ಟಿಡಿ>೭೮</ಟಿಡಿ><ಟಿಡಿ></ಟಿಡಿ><ಟಿಡಿ>೬೪</ಟಿಡಿ><ಟಿಡಿ>೧೪೨</ಟಿಡಿ></ಟಿಆರ್></ಟೇಬಲ್>

ಇದನ್ನೇ ಓರಣವಾಗಿ ಬರೆದರೆ ಹೀಗಾಗುತ್ತದೆ:

<ಟೇಬಲ್>
  <ಟಿಆರ್>
    <ಟಿಡಿ>೧</ಟಿಡಿ>
    <ಟಿಡಿ>ಗಿರಿಜ</ಟಿಡಿ>
    <ಟಿಡಿ>೭೮</ಟಿಡಿ>
    <ಟಿಡಿ></ಟಿಡಿ>
    <ಟಿಡಿ>೬೪</ಟಿಡಿ>
    <ಟಿಡಿ>೧೪೨</ಟಿಡಿ>
  </ಟಿಆರ್>
</ಟೇಬಲ್>

ಒಳಗಿನ ಭಾಗವನ್ನು ಎಡ ಅಂಚಿನಿಂದ ಸ್ವಲ್ಪ ಒಳಕ್ಕೆ ಸರಿಸಿ ಬರೆಯುವ ಈ ಪದ್ಧತಿಯನ್ನು ನಾವು ಒಳಸರಿಕೆ ಎಂದು ಕರೆಯೋಣ. ಪರದೆಯ ಮೇಲೆ ಎರಡು ಬರಹಗಳೂ ಒಂದೇ ರೀತಿಯ ಕೋಷ್ಟಕವಾಗಿ ಕಾಣುತ್ತವೆ. ಏಕೆಂದರೆ ಪುಟವನ್ನು ತೋರಿಸುವ ಬ್ರೌಸರು ಈ ಟ್ಯಾಗುಗಳ ನಡುವಣ ತೆರಪುಗಳನ್ನೂ ಹೊಸ ಸಾಲುಗಳನ್ನೂ ಗಣನೆಗೆ ತರುವುದಿಲ್ಲ.

ಹಾಗಾದರೆ ಲಾಭವೇನು? ಮೇಲಿನ ಉದಾಹರಣೆಯಲ್ಲಿಯೇ ಉತ್ತರವಿದೆ. ಕ್ರಮಸಂಖ್ಯೆ, ಹೆಸರು, ಕನ್ನಡ, ಗಣಿತ, ವಿಜ್ಞಾನ, ಒಟ್ಟು ಎಂದು ಆರು ಮನೆಗಳಿವೆ. ಗಿರಿಜ ಎಂಬ ಹುಡುಗಿಯು ಗಣಿತ ಪರೀಕ್ಷೆಯ ದಿನ ಗೈರುಹಾಜರಾಗಿದ್ದಳೆಂದು ಭಾವಿಸೋಣ. ಅಂಕವಿಲ್ಲದಿದ್ದರೂ ಖಾಲಿ ಮನೆಯೊಂದನ್ನು ಬರೆಯಲೇಬೇಕು. ಕ್ರಮವಿಧಿಯನ್ನು ಬರೆದವನು ಅಂಕವಿಲ್ಲದ ಕಡೆ ಮನೆಯನ್ನೇ ಬಿಟ್ಟುಬಿಟ್ಟರೆ ಏನಾಗುವುದು? ಮುಂದಿನ ಮನೆಗಳೆಲ್ಲ ಒಂದೊಂದು ಎಡಕ್ಕೆ ಸರಿಯುತ್ತವೆ. ವಿಜ್ಞಾನದ ೬೪ ಅಂಕಗಳು ಗಣಿತದ ಕೆಳಗೂ, ಒಟ್ಟು ೧೪೨ ಎಂಬುದು ವಿಜ್ಞಾನದ ಕೆಳಗೂ ಬಂದು ನಿಲ್ಲುತ್ತವೆ. ಬ್ರೌಸರು ಯಾವ ಆಕ್ಷೇಪಣೆಯನ್ನೂ ಎತ್ತದೆ ಅದನ್ನೇ ತೋರಿಸುತ್ತದೆ. ಬರೆಯದ ಪರೀಕ್ಷೆಯಲ್ಲಿ ಮಗಳು ಉತ್ತೀರ್ಣಳಾದಳೆಂದು ತಂದೆಯು ಸಂತೋಷಪಟ್ಟು ಮನೆಗೆ ಹೋದಾನು. ಒಂದೇ ಉದ್ದ ಸಾಲಿನ ಬರಹದಲ್ಲಿ ಈ ದೋಷವನ್ನು ಹುಡುಕುವುದು ಹುಲ್ಲಿನ ಬಣವೆಯಲ್ಲಿ ಸೂಜಿ ಹುಡುಕಿದಂತೆ. ಓರಣವಾದ ಬರಹದಲ್ಲಾದರೋ ಪ್ರತಿ ವಿದ್ಯಾರ್ಥಿಗೆ ಆರು ಸಾಲು ಇರಬೇಕೆಂಬುದು ಗೊತ್ತಿರುತ್ತದೆ. ಐದೇ ಸಾಲು ಇರುವ ಕಡೆ ಕಣ್ಣು ತಾನಾಗಿ ನಿಲ್ಲುತ್ತದೆ.

ಈಗ ಈ ಒಳಸರಿಕೆಯನ್ನು ಕ್ರಮವಿಧಿಯಿಂದ ಮಾಡಿಸುವ ಬಗೆಯನ್ನು ನೋಡೋಣ. ಪ್ರತಿಯೊಂದು ಕಡೆಯೂ ತೆರಪುಗಳನ್ನು ಕೈಯಿಂದ ಎಣಿಸಿ ಹಾಕಿದರೆ ಅದು ಬಹುಕಾಲ ಉಳಿಯದು. ನಡುವೆ ಹೊಸದೊಂದು ಭಾಗವನ್ನು ಸೇರಿಸಿದೊಡನೆ ಎಲ್ಲ ಎಣಿಕೆಯೂ ತಪ್ಪುತ್ತದೆ. ಆದುದರಿಂದ ಎಣಿಸುವ ಕೆಲಸವನ್ನು ಒಂದೇ ಕಡೆ ಇಡತಕ್ಕದ್ದು. 'ಆಳ' ಎಂಬ ಒಂದು ಸಂಖ್ಯೆಯನ್ನು ಇಟ್ಟುಕೊಳ್ಳಿರಿ. ಅದರ ಮೊದಲ ಬೆಲೆ ಸೊನ್ನೆ. ನಿಯಮಗಳು ಮೂರೇ:

(೧) ತೆರೆಯುವಾಗ: ಆಳದ ಎರಡರಷ್ಟು ತೆರಪು ಬಿಟ್ಟು, ತೆರೆಯುವ ಗುರುತನ್ನು ಬರೆದು, ಹೊಸ ಸಾಲಿಗೆ ಹೋಗಿ, ಅನಂತರ ಆಳಕ್ಕೆ ಒಂದನ್ನು ಕೂಡಿಸುವುದು.

(೨) ಒಳಗಿನ ವಿಷಯವನ್ನು ಬರೆಯುವಾಗ: ಆಳದ ಎರಡರಷ್ಟು ತೆರಪು ಬಿಟ್ಟು ಬರೆಯುವುದು, ಆಳವನ್ನು ಬದಲಿಸಕೂಡದು.

(೩) ಮುಚ್ಚುವಾಗ: ಮೊದಲು ಆಳದಿಂದ ಒಂದನ್ನು ಕಳೆದು, ಅನಂತರ ಆಳದ ಎರಡರಷ್ಟು ತೆರಪು ಬಿಟ್ಟು ಮುಚ್ಚುವ ಗುರುತನ್ನು ಬರೆಯುವುದು.

ಮೂರನೆಯ ನಿಯಮದಲ್ಲಿ ಕಳೆಯುವುದು ಮೊದಲು, ಬರೆಯುವುದು ಆಮೇಲೆ ಎಂಬ ಕ್ರಮವನ್ನು ಗಮನಿಸಬೇಕು. ಅದನ್ನು ತಿರುಗಿಸಿದರೆ ಮುಚ್ಚುವ ಗುರುತು ತನ್ನ ಜೊತೆಯ ತೆರೆಯುವ ಗುರುತಿನ ನೇರಕ್ಕೆ ಬಾರದೆ ಒಂದು ಹೆಜ್ಜೆ ಬಲಕ್ಕೆ ನಿಲ್ಲುತ್ತದೆ. ಚಿತ್ರವನ್ನಾಗಲಿ ಸಾಲುಮುರಿತವನ್ನಾಗಲಿ ಸೂಚಿಸುವ ಕೆಲವು ಟ್ಯಾಗುಗಳಿಗೆ ಮುಚ್ಚುವ ಗುರುತೇ ಇಲ್ಲ. ಅಂಥವುಗಳನ್ನು ಎರಡನೆಯ ನಿಯಮದಂತೆ ಬರೆಯತಕ್ಕದ್ದು. ಎಲ್ಲವೂ ಮುಗಿದಾಗ ಆಳವು ಮತ್ತೆ ಸೊನ್ನೆಗೆ ಬಂದಿರಬೇಕು. ಬಾರದಿದ್ದರೆ ಎಲ್ಲಿಯೋ ಒಂದು ಡಬ್ಬ ತೆರೆದೇ ಉಳಿದಿದೆ, ಇಲ್ಲವೆ ಒಂದನ್ನು ಎರಡು ಬಾರಿ ಮುಚ್ಚಿದೆ ಎಂದರ್ಥ. ಓರಣಕ್ಕಾಗಿ ಇಟ್ಟುಕೊಂಡ ಎಣಿಕೆಯು ಹೀಗೆ ಪರೀಕ್ಷಕನ ಕೆಲಸವನ್ನೂ ಮಾಡುತ್ತದೆ.

ಎಣಿಕೆಯು ಸರಿಯಾಗಿದ್ದರೂ ಮುಚ್ಚುವ ಕ್ರಮ ತಪ್ಪಿರಬಹುದು. ಅದನ್ನು ತಡೆಯಲು ತೆರೆದ ಟ್ಯಾಗುಗಳ ಹೆಸರುಗಳನ್ನು ತಟ್ಟೆಗಳ ಅಡುಕಿನಂತೆ ಒಂದರ ಮೇಲೊಂದು ಪೇರಿಸಿಡುತ್ತಾರೆ. ಕೊನೆಯಲ್ಲಿ ಇಟ್ಟ ತಟ್ಟೆಯನ್ನೇ ಮೊದಲು ತೆಗೆಯಬೇಕಷ್ಟೆ. ಮುಚ್ಚುವಾಗ ಹೆಸರನ್ನು ನಾವು ಹೇಳುವ ಬದಲು ಅಡುಕಿನ ಮೇಲಿನದನ್ನು ತೆಗೆದು ಮುಚ್ಚೆಂದು ಯಂತ್ರಕ್ಕೆ ಹೇಳಿದರೆ ಕ್ರಮಭಂಗಕ್ಕೆ ಅವಕಾಶವೇ ಇರುವುದಿಲ್ಲ. ಆಗ ಆಳವನ್ನು ಬೇರೆಯಾಗಿ ಎಣಿಸಬೇಕಾದುದೂ ಇಲ್ಲ. ಅಡುಕಿನಲ್ಲಿರುವ ತಟ್ಟೆಗಳ ಸಂಖ್ಯೆಯೇ ಆಳ.

ಪೈಥಾನ್ ಭಾಷೆಯಲ್ಲಿ ಇದಕ್ಕೆ ಇನ್ನೂ ಒಂದು ಸೌಕರ್ಯವಿದೆ. ಆ ಭಾಷೆಯಲ್ಲಿ ಒಳಸರಿಕೆಯು ಅಲಂಕಾರವಲ್ಲ, ವ್ಯಾಕರಣ; ಯಾವ ಸಾಲು ಯಾವುದರ ಒಳಗಿದೆ ಎಂಬುದನ್ನು ಯಂತ್ರವು ಎಡದ ತೆರಪಿನಿಂದಲೇ ಅರಿಯುತ್ತದೆ. ಅದರ 'ವಿತ್' ಎಂಬ ಪದವನ್ನು ಬಳಸಿದರೆ, ಒಳಸರಿದ ಸಾಲುಗಳು ಮುಗಿದೊಡನೆ ಮುಚ್ಚುವ ಗುರುತು ತಾನಾಗಿ ಬರುವಂತೆ ಏರ್ಪಡಿಸಬಹುದು. ಆಗ ಕ್ರಮವಿಧಿಯ ಆಕಾರವೂ ಅದು ಹುಟ್ಟಿಸುವ ಪುಟದ ಆಕಾರವೂ ಒಂದೇ ಆಗಿ, ಒಂದನ್ನು ಓದಿದವನಿಗೆ ಮತ್ತೊಂದು ತಿಳಿಯುತ್ತದೆ. ೨೦೦೮ರಲ್ಲಿ ಬಂದ ಪೈಥಾನಿನ ಮೂರನೆಯ ಆವೃತ್ತಿಯಿಂದ, ನಾವು ಇಡುವ ಹೆಸರುಗಳನ್ನು ಕನ್ನಡ ಅಕ್ಷರಗಳಲ್ಲಿಯೇ ಬರೆಯಬಹುದೆಂಬುದು ಕನ್ನಡ ಮಾಧ್ಯಮದ ವಿದ್ಯಾರ್ಥಿಗಳಿಗೆ ಸಂತೋಷದ ಸಂಗತಿ. ಭಾಷೆಯ ಮೂಲಪದಗಳು ಆಂಗ್ಲದಲ್ಲಿಯೇ ಉಳಿಯುತ್ತವೆ. ಆದರೆ 'ಆಳ', 'ಸಾಲು', 'ವಿದ್ಯಾರ್ಥಿ' ಎಂಬ ಹೆಸರುಗಳನ್ನು ಯಂತ್ರವು ಮರುಮಾತಿಲ್ಲದೆ ಸ್ವೀಕರಿಸುತ್ತದೆ.

ಯಾವ ಗುಣವೂ ಅತಿಯಾದರೆ ದೋಷವಾಗುತ್ತದೆ. ಒಳಸರಿಕೆಗೂ ಸಲ್ಲದ ಸ್ಥಳಗಳಿವೆ. ಬ್ರೌಸರು ಕೋಷ್ಟಕದ ಸಾಲುಗಳ ನಡುವಣ ತೆರಪನ್ನು ಬಿಟ್ಟುಬಿಡುತ್ತದೆಯಾದರೂ, ವಾಕ್ಯದ ಒಳಗಿನ ತೆರಪುಗಳೆಷ್ಟೇ ಇರಲಿ ಅವುಗಳನ್ನು ಒಂದು ತೆರಪಾಗಿ ಎಣಿಸುತ್ತದೆ. ರಾಯದುರ್ಗ ಎಂಬ ಹೆಸರಿನಲ್ಲಿ 'ರಾಯ' ಎಂಬುದನ್ನು ಮಾತ್ರ ದಪ್ಪಕ್ಷರದಲ್ಲಿ ತೋರಿಸಲು ಅದಕ್ಕೊಂದು ಟ್ಯಾಗು ಹಾಕಿ, ಓರಣದ ಮೋಹದಿಂದ 'ದುರ್ಗ' ಎಂಬುದನ್ನು ಕೆಳಗಿನ ಸಾಲಿಗೆ ಇಳಿಸಿದರೆ ಪರದೆಯ ಮೇಲೆ 'ರಾಯ ದುರ್ಗ' ಎಂದು ಎರಡು ಪದಗಳಾಗಿ ಒಡೆದು ಕಾಣುತ್ತದೆ. ಸಮಾಸಪದಗಳೂ ವಿಭಕ್ತಿ ಪ್ರತ್ಯಯಗಳೂ ಹೇರಳವಾಗಿರುವ ನಮ್ಮ ಭಾಷೆಯಲ್ಲಿ ಈ ಎಚ್ಚರಿಕೆ ಅತ್ಯವಶ್ಯ. ಆದುದರಿಂದ ಕೋಷ್ಟಕ, ಪಟ್ಟಿ, ಪರಿಚ್ಛೇದ ಮುಂತಾದ ದೊಡ್ಡ ಭಾಗಗಳಿಗೆ ಮಾತ್ರ ಒಳಸರಿಕೆಯಿರಲಿ; ವಾಕ್ಯದ ಒಳಗಿನ ಟ್ಯಾಗುಗಳು ವಾಕ್ಯದೊಡನೆಯೇ ಸಾಗಲಿ. ಪದ್ಯವನ್ನು ಬರೆದಂತೆಯೇ ತೋರಿಸುವ 'ಪ್ರೀ' ಎಂಬ ಟ್ಯಾಗಿನೊಳಗೆ ಪ್ರತಿಯೊಂದು ತೆರಪೂ ಪರದೆಯ ಮೇಲೆ ಕಾಣುವುದರಿಂದ ಅಲ್ಲಿ ನಮ್ಮ ತೆರಪನ್ನು ಸೇರಿಸಲೇಕೂಡದು.

ಉದ್ದವಾದ ಸಾಲುಗಳನ್ನು ಇಷ್ಟು ಅಕ್ಷರಗಳಾದೊಡನೆ ಮುರಿಯೆಂದು ಕೆಲವರು ಕ್ರಮವಿಧಿಗೆ ಆಜ್ಞೆ ಕೊಡುತ್ತಾರೆ. ಕನ್ನಡಕ್ಕೆ ಇದು ಅಪಾಯಕರ. ಯೂನಿಕೋಡ್ ಎಂಬ ಜಾಗತಿಕ ಲಿಪಿಪಟ್ಟಿಯಲ್ಲಿ ಕನ್ನಡಕ್ಕೆ ೧೨೮ ಸ್ಥಾನಗಳನ್ನು ಕಾದಿರಿಸಿದೆ. ಅಲ್ಲಿ ವ್ಯಂಜನಕ್ಕೊಂದು ಸಂಕೇತ, ಸ್ವರಚಿಹ್ನೆಗೊಂದು ಸಂಕೇತ, ಅರ್ಧಾಕ್ಷರದ ಚಿಹ್ನೆಗೊಂದು ಸಂಕೇತ. 'ರಾಯದುರ್ಗ' ಎಂಬುದು ನಮ್ಮ ಎಣಿಕೆಯಲ್ಲಿ ನಾಲ್ಕು ಅಕ್ಷರ, ಯಂತ್ರದ ಎಣಿಕೆಯಲ್ಲಿ ಎಂಟು ಸಂಕೇತ, ಯು.ಟಿ.ಎಫ್.-೮ ಎಂಬ ಪದ್ಧತಿಯಲ್ಲಿ ಸಂಕೇತವೊಂದಕ್ಕೆ ಮೂರು ಬೈಟುಗಳಂತೆ ಇಪ್ಪತ್ತನಾಲ್ಕು ಬೈಟು. ಏಳನೆಯ ಸಂಕೇತದ ಬಳಿ ಸಾಲನ್ನು ಮುರಿದರೆ 'ರಾಯದುರ್' ಎಂಬುದು ಒಂದು ಸಾಲಿನಲ್ಲಿಯೂ 'ಗ' ಎಂಬುದು ಮತ್ತೊಂದರಲ್ಲಿಯೂ ಉಳಿದು, ಒತ್ತಕ್ಷರವು ಅಕ್ಷರಶಃ ಭಂಗವಾಗುತ್ತದೆ. ಸಾಲನ್ನು ಮುರಿಯಲೇಬೇಕಾದರೆ ಪದಗಳ ನಡುವಣ ತೆರಪಿನಲ್ಲಿ ಮಾತ್ರ ಮುರಿಯತಕ್ಕದ್ದು.

ಇನ್ನೊಂದು ನಿಯಮವನ್ನೂ ಇಲ್ಲಿಯೇ ಹೇಳಬೇಕು. ಟ್ಯಾಗಿನ ಗುರುತಾದ ಮೊನಚು ಚಿಹ್ನೆಯೂ, ಆಂಗ್ಲದಲ್ಲಿ 'ಮತ್ತು' ಎಂಬರ್ಥಕ್ಕೆ ಬಳಸುವ ಚಿಹ್ನೆಯೂ ವಿಷಯದಲ್ಲಿ ಬಂದರೆ ಅವುಗಳನ್ನು ಹಾಗೆಯೇ ಬರೆಯಬಾರದು. ಗಣಿತದ ಟಿಪ್ಪಣಿಯಲ್ಲಿ 'ಇದಕ್ಕಿಂತ ಕಡಮೆ' ಎಂಬ ಚಿಹ್ನೆಯನ್ನು ಕಂಡು ಬ್ರೌಸರು ಅದನ್ನು ಟ್ಯಾಗಿನ ಪ್ರಾರಂಭವೆಂದು ಭಾವಿಸಿ ಮುಂದಿನ ಮಾತುಗಳನ್ನು ನುಂಗಬಹುದು. ಅಂಥ ಚಿಹ್ನೆಗಳನ್ನು ಬದಲಿ ಸಂಕೇತಗಳಾಗಿ ಮಾರ್ಪಡಿಸುವ ಸಾಧನಗಳು ಹಲವು ಸ್ಕ್ರಿಪ್ಟಿಂಗ್ ಭಾಷೆಗಳಲ್ಲಿ ಸಿದ್ಧವಾಗಿವೆ. ವಿಷಯವನ್ನು ಬರೆಯುವ ಎರಡನೆಯ ನಿಯಮದೊಡನೆ ಅದನ್ನು ಜೋಡಿಸಿಬಿಟ್ಟರೆ ಮರೆವಿಗೆ ಎಡೆಯಿರುವುದಿಲ್ಲ.

ತೆರಪುಗಳಿಂದ ಪುಟದ ಗಾತ್ರ ಹೆಚ್ಚುವುದಿಲ್ಲವೆ ಎಂದು ಕೇಳುವವರಿದ್ದಾರೆ. ಲೆಕ್ಕವನ್ನೇ ಮಾಡಿ ನೋಡೋಣ. ಪ್ರತಿ ಮನೆಗೆ ನಾಲ್ಕು ತೆರಪು, ಒಂದು ಸಾಲುಮುರಿತ, ಒಟ್ಟು ಐದು ಬೈಟು. ಆರು ಮನೆಗೆ ಮೂವತ್ತು. ಸಾಲಿನ ತೆರೆಯುವ ಗುರುತಿಗೂ ಮುಚ್ಚುವ ಗುರುತಿಗೂ ಮೂರು ಮೂರರಂತೆ ಆರು. ಅಲ್ಲಿಗೆ ಒಬ್ಬ ವಿದ್ಯಾರ್ಥಿಗೆ ೩೬ ಬೈಟು, ಅರುವತ್ತು ಮಂದಿಗೆ ೨,೧೬೦ ಬೈಟು. ರಾಯದುರ್ಗ ಎಂಬ ಹೆಸರನ್ನು ತೊಂಬತ್ತು ಸಲ ಬರೆದರೆ ಹಿಡಿಯುವಷ್ಟೇ ಜಾಗ! ಮೇಲಾಗಿ ಪುಟವನ್ನು ಕಳುಹಿಸುವಾಗ ಸಾಮಾನ್ಯವಾಗಿ ಅದನ್ನು ಒತ್ತಿ ಕಿರಿದುಮಾಡಿ ಕಳುಹಿಸುವುದರಿಂದ ಒಂದೇ ಬಗೆಯ ತೆರಪುಗಳು ಬಹುಮಟ್ಟಿಗೆ ಕರಗಿಹೋಗುತ್ತವೆ. ಕೋಟ್ಯಂತರ ಜನರು ನೋಡುವ ಪುಟಗಳನ್ನು ನಡೆಸುವ ದೊಡ್ಡ ಸಂಸ್ಥೆಗಳು ತೆರಪುಗಳನ್ನು ತೆಗೆದು ಕಳುಹಿಸುವುದುಂಟು. ಅವರು ಸಹ ತಾವು ತಿದ್ದುವ ಪ್ರತಿಯನ್ನು ಓರಣವಾಗಿಯೇ ಇಟ್ಟುಕೊಳ್ಳುತ್ತಾರೆ.

ಹೇಗಾದರೂ ಬರೆದು, ಕೊನೆಯಲ್ಲಿ ತಿದ್ದುವ ಯಂತ್ರಕ್ಕೆ ಒಪ್ಪಿಸಿದರಾಯಿತಲ್ಲ ಎಂದು ಜಾಣ ವಿದ್ಯಾರ್ಥಿಯೊಬ್ಬನು ಕೇಳಬಹುದು. ಡೇವ್ ರಾಗೆಟ್ ಅವರು ರಚಿಸಿದ ಟೈಡಿ ಎಂಬ ಪ್ರಸಿದ್ಧ ಸಾಧನವು ಇಂಥದು. ಅದು ಓರಣಮಾಡುವುದಲ್ಲದೆ ಮುಚ್ಚದ ಟ್ಯಾಗುಗಳನ್ನೂ ಮುಚ್ಚುತ್ತದೆ. ೨೦೦೩ರಲ್ಲಿ ಪ್ರಾರಂಭವಾದ ನಮ್ಮ ಕನ್ನಡ ವಿಕಿಪೀಡಿಯವು ಪಿ.ಎಚ್.ಪಿ. ಭಾಷೆಯಲ್ಲಿ ಬರೆದ ಮೀಡಿಯಾವಿಕಿ ಎಂಬ ಕ್ರಮವಿಧಿಯಿಂದ ನಡೆಯುತ್ತದೆ. ಎಲ್ಲ ಭಾಷೆಗಳ ವಿಕಿಪೀಡಿಯಗಳೂ ಬಹುಕಾಲ ಟೈಡಿಯನ್ನು ನೆಚ್ಚಿದ್ದವು. ೨೦೧೮ರಲ್ಲಿ ಅದನ್ನು ಬಿಟ್ಟು ಹೊಸ ಸಾಧನವನ್ನು ತಂದಾಗ, ಅದುವರೆಗೆ ಟೈಡಿಯು ಸದ್ದಿಲ್ಲದೆ ಮುಚ್ಚುತ್ತಿದ್ದ ಬರಹಗಾರರ ದೋಷಗಳು ಬೆಳಕಿಗೆ ಬಂದವು. ಸ್ವಯಂಸೇವಕರು ಅಸಂಖ್ಯ ಪುಟಗಳನ್ನು ಹುಡುಕಿ ತಿದ್ದಬೇಕಾಯಿತು. ತಿದ್ದುವ ಯಂತ್ರವು ಒಳ್ಳೆಯ ಸಹಾಯಕ. ಆದರೆ ಮೂಲದಲ್ಲಿಯೇ ಸರಿಯಾಗಿ ಬರೆಯುವ ಅಭ್ಯಾಸಕ್ಕೆ ಅದು ಬದಲಿಯಾಗಲಾರದು. ತನ್ನ ಟಿಪ್ಪಣಿಯನ್ನು ಸದಾ ಅಣ್ಣನಿಂದ ತಿದ್ದಿಸಿಕೊಳ್ಳುವ ಹುಡುಗನು ಪರೀಕ್ಷೆಯ ಕೊಠಡಿಯಲ್ಲಿ ಒಬ್ಬನೇ ಕುಳಿತುಕೊಳ್ಳಬೇಕಾಗುತ್ತದೆಂಬುದನ್ನು ಮರೆಯಬಾರದು.

ಪೋಷಕ ಮಹನೀಯರು ಈ ವಿಷಯವನ್ನು ಕೇವಲ ಯಂತ್ರಶಾಸ್ತ್ರವೆಂದು ಬಗೆಯಬಾರದೆಂದು ಪ್ರಾರ್ಥನೆ. ೧೯೫೩ರಲ್ಲಿ ಆಂಧ್ರ ರಾಜ್ಯವು ಉದಯವಾದಾಗ ಬಳ್ಳಾರಿ ಜಿಲ್ಲೆಯ ರಾಯದುರ್ಗ ತಾಲ್ಲೂಕು ಆ ರಾಜ್ಯಕ್ಕೆ ಸೇರಿ ಅನಂತಪುರ ಜಿಲ್ಲೆಯ ಭಾಗವಾಯಿತು. ಅನಂತಪುರ ಜಿಲ್ಲೆಯಲ್ಲಿಯೇ ಇದ್ದ ಮಡಕಶಿರವು ೨೦೨೨ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಗಡಿಗಳು ಹೇಗೆ ಬದಲಾದರೂ ಇಲ್ಲಿಯ ಮನೆಗಳಲ್ಲಿ ಕನ್ನಡದ ನುಡಿ ನಿಂತಿಲ್ಲ. ಆದರೆ ಕನ್ನಡವನ್ನೂ ಗಣಕಯಂತ್ರವನ್ನೂ ಬಲ್ಲವರು ಗಡಿಯ ಶಾಲೆಗಳಲ್ಲಿ ವಿರಳ. ಉತ್ಸಾಹಿಯಾದ ಒಬ್ಬ ಅಧ್ಯಾಪಕರೋ ಒಬ್ಬ ವಿದ್ಯಾರ್ಥಿಯೋ ಶಾಲೆಗೆ ಕನ್ನಡದ ಪುಟವೊಂದನ್ನು ರಚಿಸಿಕೊಡುತ್ತಾರೆ. ಮರುವರ್ಷ ಅಧ್ಯಾಪಕರಿಗೆ ವರ್ಗವಾಗುತ್ತದೆ, ವಿದ್ಯಾರ್ಥಿಯು ಕಾಲೇಜಿಗೆಂದು ಅನಂತಪುರಕ್ಕೋ ಬಳ್ಳಾರಿಗೋ ಹೋಗುತ್ತಾನೆ. ಉಳಿದ ಬರಹವು ಮುಂದಿನವನಿಗೆ ಅರ್ಥವಾದರೆ ಪುಟವು ಬೆಳೆಯುತ್ತದೆ. ಅರ್ಥವಾಗದಿದ್ದರೆ ಹಳೆಯ ದಿನಾಂಕದೊಡನೆ ಅಲ್ಲಿಯೇ ನಿಂತು, ಕೊನೆಗೆ ಯಾರಿಗೂ ಬೇಡವಾಗುತ್ತದೆ. ಪಟ್ಟಣದ ಶಾಲೆಯು ಹಣ ಕೊಟ್ಟು ಮತ್ತೊಬ್ಬ ನಿಪುಣನನ್ನು ಕರೆಸೀತು. ನಮಗೆ ಆ ಅನುಕೂಲವಿಲ್ಲ. ನಮ್ಮ ಆಸ್ತಿಯೆಂದರೆ ಒಬ್ಬನು ಬಿಟ್ಟ ಕೆಲಸವನ್ನು ಮತ್ತೊಬ್ಬನು ಕೈಗೆತ್ತಿಕೊಳ್ಳುವಂತಿರುವ ಶುದ್ಧ ಬರಹ ಒಂದೇ.

ವಿದ್ಯಾರ್ಥಿಗಳಿಗೆ ಒಂದು ಸಣ್ಣ ಅಭ್ಯಾಸವನ್ನು ಕೊಟ್ಟು ವಿರಮಿಸುತ್ತೇನೆ. ಶಾಲೆಯ ಗಣಕಯಂತ್ರದಲ್ಲಿ ಯಾವುದಾದರೊಂದು ಕನ್ನಡ ಪುಟವನ್ನು ತೆರೆದು, ಕಂಟ್ರೋಲ್ ಎಂಬ ಕೀಲಿಯನ್ನು ಒತ್ತಿ ಹಿಡಿದು 'ಯು' ಎಂಬ ಕೀಲಿಯನ್ನು ಒತ್ತಿರಿ. ಸಾಮಾನ್ಯ ಬ್ರೌಸರುಗಳಲ್ಲಿ ಆ ಪುಟದ ಮೂಲಬರಹವು ಕಾಣಿಸಿಕೊಳ್ಳುತ್ತದೆ. ಅದರಲ್ಲಿ ಒಂದು ಕೋಷ್ಟಕವನ್ನೋ ಪಟ್ಟಿಯನ್ನೋ ಹುಡುಕಿ, ಹತ್ತು ಸಾಲುಗಳನ್ನು ಕಾಗದದ ಮೇಲೆ ಬರೆದುಕೊಂಡು, ಮೇಲೆ ಹೇಳಿದ ಮೂರು ನಿಯಮಗಳಂತೆ ಒಳಸರಿಸಿ ಬರೆಯಿರಿ. ಪ್ರತಿ ಸಾಲಿನ ಎಡಗಡೆ ಆಳದ ಸಂಖ್ಯೆಯನ್ನು ಗುರುತಿಸಿರಿ. ಕೊನೆಯಲ್ಲಿ ಸೊನ್ನೆ ಬಂದಿತೆ ಎಂಬುದನ್ನು ನೋಡಿರಿ. ಬಾರದಿದ್ದರೆ ಮುಚ್ಚದೆ ಉಳಿದ ಟ್ಯಾಗು ಯಾವುದೆಂದು ಕಂಡುಹಿಡಿದು, ಆ ಕಾಗದವನ್ನು ನಿಮ್ಮ ಗಣಿತದ ಅಧ್ಯಾಪಕರಿಗೆ ತೋರಿಸಿರಿ.